ಮುರಕಲ್ಲಿಗೆ ಬಡಿದ ರೇಸಿಂಗ್ ಡ್ರೋನ್: ಫ್ರೇಮ್ ಮತ್ತು ಕ್ಯಾಮೆರಾ ಮೌಂಟಿನ ದೋಷ ಹಿಡಿಯುವ ಬಗೆ

ಕಾಸರಗೋಡಿನ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬೋಳು ಬಯಲುಗಳಲ್ಲಿ, ಡ್ರೋನ್ ಬೀಳುವುದು ಹುಲ್ಲಿನ ಮೇಲಲ್ಲ, ಗಟ್ಟಿ ಕೆಂಪು ಮುರಕಲ್ಲಿನ ಮೇಲೆ. ತೋಟದ ಬದಿಯಲ್ಲಿ ಹಾರಿಸಿದರೆ ಅಡಿಕೆ ಮರ, ತೆಂಗಿನ ಮಡಲು. ಬ್ಯಾಟರಿ ಸೇರಿ 700 ಗ್ರಾಂ ತೂಗುವ, 5 ಇಂಚಿನ ಪ್ರೊಪೆಲ್ಲರಿನ ಡ್ರೋನ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಡಿದರೆ 140 ಜೂಲ್. ವೇಗ 30 ಮೀಟರಿಗೆ ಏರಿದರೆ 315 ಜೂಲ್. ಅಷ್ಟೂ ಶಕ್ತಿ ಎಲ್ಲಾದರೂ ಒಂದು ಕಡೆ ಇಳಿಯಲೇಬೇಕು. ಏನೂ ಮುರಿಯದ ಫ್ರೇಮ್ ಮಾಡುತ್ತೇನೆಂದು ಹೊರಟವರು ಕೊನೆಗೆ ಕ್ಯಾಮೆರಾ ಕಳೆದುಕೊಳ್ಳುತ್ತಾರೆ. ಮುರಿಯುವ ಸರದಿಯನ್ನು ಮೊದಲೇ ಗೊತ್ತುಮಾಡಿಟ್ಟ ಫ್ರೇಮೇ ಬಾಳಿಕೆ ಬರುವುದು: ಮೊದಲು ಪ್ರೊಪೆಲ್ಲರ್, ಆಮೇಲೆ ತೋಳು, ತೀರಾ ಜೋರಾದ ಪೆಟ್ಟಿಗೆ ಕ್ಯಾಮೆರಾ ಬದಿಯ ಪ್ಲೇಟ್. ಲೆನ್ಸ್ ಮತ್ತು ಸರ್ಕ್ಯೂಟ್ ಬೋರ್ಡಿನ ಸರದಿ ಬರಲೇಬಾರದು. ಕೆಳಗಿನ ಲಕ್ಷಣಗಳಲ್ಲಿ ಹೆಚ್ಚಿನವು ಈ ಸರದಿ ತಪ್ಪಿದ್ದರಿಂದ ಕಾಣಿಸಿಕೊಳ್ಳುವಂಥವು.

## ಮುಟ್ಟುವ ಮುನ್ನ

ಬ್ಯಾಟರಿ ಕಳಚಿ, ನಾಲ್ಕೂ ಪ್ರೊಪೆಲ್ಲರ್ ಬಿಚ್ಚಿ. ಬ್ಯಾಟರಿಯ ಮೂಲೆ ನಜ್ಜಾಗಿದ್ದರೆ, ಉಬ್ಬಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ ತರಗೆಲೆ, ಒಣ ಸೋಗೆ ಇಲ್ಲದ ಬಯಲಿನಲ್ಲಿ ಕಲ್ಲಿನ ಮೇಲಿಟ್ಟು ಅರ್ಧ ಗಂಟೆಯಾದರೂ ದೂರದಿಂದ ಗಮನಿಸಿ. ಅದನ್ನು ಮತ್ತೆ ಚಾರ್ಜ್ ಮಾಡಕೂಡದು.

ಡ್ರೋನ್ ವಿದ್ಯುತ್ ತಂತಿಗೆ ಸಿಕ್ಕಿಕೊಂಡಿದ್ದರೆ ದೋಟಿ ಹಿಡಿದು ಹೊರಡಬೇಡಿ. ಅಡಿಕೆ ಕೊಯ್ಲಿಗೆ ಈಗ ಬಳಕೆಯಲ್ಲಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಂ ದೋಟಿಯಂತೂ ಸರಿಯೇ. ವಿದ್ಯುತ್ ಕಚೇರಿಗೆ ತಿಳಿಸಿ. ಲೈನ್ ಆಫ್ ಮಾಡಿಸಿ ಅವರೇ ತೆಗೆದುಕೊಡಲಿ.

ಮುರಿದ ತುಂಡುಗಳನ್ನು ಹೆಕ್ಕಿ ತನ್ನಿ, ಆದರೆ ಬರಿಗೈಯಲ್ಲಿ ಅಂಚು ಸವರಬೇಡಿ. ಕಾರ್ಬನ್ನಿನ ಸಿಬಿರು ಚರ್ಮದೊಳಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ವಾರಗಟ್ಟಲೆ ಚುಚ್ಚುತ್ತಿರುತ್ತದೆ.

## ಚಿತ್ರ ಕೆರೆಯೊಳಗಿನ ಪ್ರತಿಬಿಂಬದಂತೆ ಅಲುಗುತ್ತದೆ

ಕ್ಯಾಮೆರಾದ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಕ್ಯಾಮೆರಾ ಅಲುಗಿದರೆ ನೇರ ಕಂಬವೂ ಹಾವಿನಂತೆ ಕಾಣುತ್ತದೆ. ಇದಕ್ಕೆ ಎಲ್ಲರೂ ಮೊದಲು ಕ್ಯಾಮೆರಾ ಮೌಂಟನ್ನೇ ದೂರುತ್ತಾರೆ. ಹೆಚ್ಚಿನ ಸಲ ತಪ್ಪು ಅದರದ್ದಲ್ಲ.

ಮೊದಲು ನಾಲ್ಕೂ ಹೊಸ ಪ್ರೊಪೆಲ್ಲರ್ ಹಾಕಿ ಹಾರಿಸಿ ನೋಡಿ. ಅಲುಗಾಟ ನಿಂತರೆ ಅಲ್ಲಿಗೆ ಮುಗಿಯಿತು. ನಿಲ್ಲದಿದ್ದರೆ ಪ್ರೊಪೆಲ್ಲರ್ ತೆಗೆದು ಒಂದೊಂದೇ ಮೋಟಾರನ್ನು ಬೆರಳಲ್ಲಿ ಮೆಲ್ಲನೆ ತಿರುಗಿಸಿ. ಆಯಸ್ಕಾಂತದ ಹಿಡಿತ ಒಂದೇ ಸಮವಾಗಿ ಕಡಿಕಡಿದು ಬರುವುದು ಸಹಜ. ಮರಳು ಅರೆದಂತೆ ಗರಗರ ಎಂದರೆ ಬೇರಿಂಗ್ ಹೋಗಿದೆ, ಇಲ್ಲವೇ ಮುರಕಲ್ಲಿನ ಕೆಂಪು ಪುಡಿ ಮೋಟಾರಿನ ಬೆಲ್ಲಿನೊಳಗೆ (ತಿರುಗುವ ಹೊರಕವಚ) ಸೇರಿದೆ. ಬೆಲ್ಲಿಗೂ ಸುರುಳಿಗೂ ನಡುವಿನ ಸಂದು ಕಾಗದದಷ್ಟು ತೆಳು. ಬೆಲ್ ಬಿಚ್ಚಿ ಮೆತ್ತನೆಯ ಬ್ರಷ್‌ನಿಂದ ಪುಡಿ ತೆಗೆಯಿರಿ. ಬೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಿದಾಗ ಟಕ್ ಟಕ್ ಎಂದರೆ ಬೇರಿಂಗ್ ಬದಲಿಸಲೇಬೇಕು.

ಮೋಟಾರುಗಳನ್ನು ನಿಯಂತ್ರಿಸುವ ಬೋರ್ಡಾದ ಫ್ಲೈಟ್ ಕಂಟ್ರೋಲರಿನಲ್ಲಿ ಬ್ಲ್ಯಾಕ್‌ಬಾಕ್ಸ್, ಅಂದರೆ ಹಾರಾಟದ ದಾಖಲೆ ಇದ್ದರೆ ಊಹೆಯ ಕೆಲಸವಿಲ್ಲ. ಜೈರೋದ (ತಿರುಗುವಿಕೆ ಅಳೆಯುವ ಸೆನ್ಸರ್) ಕಂಪನವನ್ನು ಥ್ರಾಟಲ್‌ಗೆ ಎದುರಾಗಿ ತೋರಿಸುವ ಚಿತ್ರ ತೆರೆಯಿರಿ. ಥ್ರಾಟಲ್ ಏರಿದಂತೆ ಓರೆಯಾಗಿ ಮೇಲೇರುವ ಗೆರೆ ಕಂಡರೆ ಅದು ಮೋಟಾರ್ ಅಥವಾ ಪ್ರೊಪೆಲ್ಲರಿನ ಕಂಪನ: ನಿಮಿಷಕ್ಕೆ 24,000 ಸುತ್ತು ಎಂದರೆ 400 ಹರ್ಟ್ಸ್, ಸುತ್ತು ಹೆಚ್ಚಿದಂತೆ ಗೆರೆಯೂ ಏರುತ್ತದೆ. ಥ್ರಾಟಲ್ ಎಷ್ಟೇ ಇದ್ದರೂ ಒಂದೇ ಆವರ್ತನದಲ್ಲಿ ನೇರವಾಗಿ ನಿಲ್ಲುವ ಗೆರೆ ಫ್ರೇಮಿನದು. ಯಾವುದೋ ತೋಳು ಸಡಿಲಾಗಿದೆ, ಬಿರುಕು ಬಿಟ್ಟಿದೆ ಅಥವಾ ಇರಬೇಕಾದ್ದಕ್ಕಿಂತ ತೆಳುವಾಗಿದೆ. ಇಂಥ ಗೆರೆಯನ್ನು ಫಿಲ್ಟರ್ ಹಾಕಿ ಮುಚ್ಚಿದರೆ ಜೈರೋ ಶಾಂತವಾಗುತ್ತದೆಯೇ ಹೊರತು ಬಿರುಕು ಹಾಗೇ ಬೆಳೆಯುತ್ತಿರುತ್ತದೆ.

ಇಷ್ಟಾದ ಮೇಲೆ ಮೌಂಟ್. ಲೆನ್ಸನ್ನು ಬೆರಳಲ್ಲಿ ಒಂದು ಮಿಲಿಮೀಟರ್ ಒತ್ತಿ ಬಿಡಿ. ತಕ್ಷಣ ಸ್ವಸ್ಥಾನಕ್ಕೆ ಬಂದು ನಿಂತರೆ ಸರಿ. ಎರಡು ಮೂರು ಸಲ ತೂಗಿ ನಿಂತರೆ ಮೌಂಟ್ ಅತಿ ಮೆತ್ತಗಿದೆ. ತೆಳು ಕಾಲುಗಳ ಮೇಲೆ ನಿಂತ ಟಿಪಿಯು (3ಡಿ ಪ್ರಿಂಟ್ ಮಾಡುವ, ರಬ್ಬರಿನಂತೆ ಬಳುಕುವ ಪ್ಲಾಸ್ಟಿಕ್) ತೊಟ್ಟಿಲುಗಳ ಹಣೆಬರಹವೇ ಇದು. ಚೂರೂ ಮಿಸುಕದೆ ಕಲ್ಲಿನಂತಿದ್ದರೆ ಮೋಟಾರಿನ ಸಣ್ಣ ಕಂಪನವೂ ನೇರವಾಗಿ ಸೆನ್ಸರಿಗೆ ಹೋಗುತ್ತದೆ. ಕ್ಯಾಮೆರಾ ಮತ್ತು ಬದಿಯ ಪ್ಲೇಟಿನ ನಡುವೆ 1 ಮಿ.ಮೀ. ದಪ್ಪದ ಟಿಪಿಯು ವಾಷರ್ ಒಂದೊಂದು ಹಾಕಿ.

## ಕ್ಯಾಮೆರಾದ ಕೋನ ತಾನಾಗಿ ಬದಲಾಗುತ್ತದೆ

ಮೇಲ್ಮುಖವಾಗಿ 40 ಡಿಗ್ರಿಗೆ ಇಟ್ಟ ಕ್ಯಾಮೆರಾ ಎರಡು ಬ್ಯಾಟರಿ ಮುಗಿಯುವಷ್ಟರಲ್ಲಿ 30ಕ್ಕೆ ಇಳಿದಿರುತ್ತದೆ. ಬಿಗಿ ಮಾಡುವ ಮೊದಲು ಸ್ಕ್ರೂ ಹೊರತೆಗೆದು ಅಳೆಯಿರಿ. ಕ್ಯಾಮೆರಾ ಬದಿಯ ಸ್ಕ್ರೂ ಎಂ2, ಅಂದರೆ 2 ಮಿ.ಮೀ. ವ್ಯಾಸದ್ದು. ಪ್ಲೇಟಿನ ದಪ್ಪ, ವಾಷರಿನ ದಪ್ಪ, ಅದರ ಮೇಲೆ 2 ಮಿ.ಮೀ. ಎಳೆ: ಇಷ್ಟೇ ಉದ್ದ ಬೇಕು. ಇದಕ್ಕಿಂತ ಗಿಡ್ಡವಾದರೆ ಎಳೆ ಕಿತ್ತು ಬರುತ್ತದೆ. ಉದ್ದವಾದರೆ ತುದಿ ಒಳಗೆ ತಾಗಿ ನಿಲ್ಲುತ್ತದೆ, ಕೈಗೆ ಬಿಗಿಯಾಯಿತೆಂದು ಅನ್ನಿಸುತ್ತದೆ, ಪ್ಲೇಟ್ ಮಾತ್ರ ಹಿಡಿದುಕೊಂಡಿರುವುದಿಲ್ಲ. ಅಲ್ಲೇ ಇನ್ನೂ ತಿರುಗಿಸಿದವರು ಕ್ಯಾಮೆರಾದ ಬೋರ್ಡಿಗೆ ತೂತು ಮಾಡಿದ್ದಾರೆ.

ಸ್ಕ್ರೂ ಸರಿಯಿದ್ದೂ ಜಾರಿದರೆ ವಿನ್ಯಾಸ ನೋಡಿ. ಒಂದು ಬದಿಗೆ ಒಂದೇ ಸ್ಕ್ರೂ, ಅದೂ ಬಾಗಿದ ಸಂದಿನಲ್ಲಿ ಬರೀ ಘರ್ಷಣೆಯ ಮೇಲೆ ನಿಂತಿದ್ದರೆ ಎಷ್ಟು ಬಿಗಿದರೂ ಜಾರದೆ ಇರದು. ಬದಿಗೆ ಎರಡು ಹಿಡಿತ ಬೇಕು, ಒಂದು ತಿರುಗುವ ಕೇಂದ್ರ, ಇನ್ನೊಂದು ತಡೆ. ಅದಕ್ಕಿಂತ ಸುಲಭವಾದದ್ದು ಕ್ಯಾಮೆರಾದ ಬೆನ್ನಿಗೆ ಒರಗುವಂತೆ, ಬೇಕಾದ ಕೋನಕ್ಕೇ ಕತ್ತರಿಸಿದ ಟಿಪಿಯು ಬೆಣೆ. 35, 40, 45, 50 ಡಿಗ್ರಿಗೆ ನಾಲ್ಕು ಬೆಣೆ ಪ್ರಿಂಟ್ ಮಾಡಿ ಪೆಟ್ಟಿಗೆಯಲ್ಲಿಟ್ಟುಕೊಂಡರೆ ಮೈದಾನದಲ್ಲಿ ಕೋನಮಾಪಕ ಹುಡುಕುವ ಕೆಲಸವಿಲ್ಲ.

ಈ ಸ್ಕ್ರೂಗಳಿಗೆ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಹಾಕಬೇಡಿ. ಲೋಹದ ಎಳೆಗೆ ಅದು ಒಳ್ಳೆಯದು; ಕ್ಯಾಮೆರಾದ ಪ್ಲಾಸ್ಟಿಕ್ ಕವಚಕ್ಕೆ ತಾಗಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಇಂದು ಹಾಕಿದರೆ ನಾಳೆ ನಾಡಿದ್ದರಲ್ಲಿ ಬಿರುಕು ಕಾಣಿಸುವುದರಿಂದ ಅದು ಪೆಟ್ಟಿನಿಂದ ಆದದ್ದೆಂದು ತಪ್ಪು ತಿಳಿಯುವವರೇ ಹೆಚ್ಚು.

## ಪ್ರತಿ ಪೆಟ್ಟಿಗೂ ಲೆನ್ಸ್ ಗೀರುತ್ತದೆ, ಒಡೆಯುತ್ತದೆ

ಇಲ್ಲಿ ಬೇಕಾದ್ದು ಒಂದು ಸ್ಟೀಲ್ ಸ್ಕೇಲ್. ನೀವು ಹಾರಿಸುವ ಕೋನಕ್ಕೇ ಕ್ಯಾಮೆರಾ ಇಟ್ಟು, ಸ್ಕೇಲನ್ನು ಎರಡು ಬದಿಯ ಪ್ಲೇಟುಗಳ ಮುಂದಿನ ಅಂಚಿಗೆ ಅಡ್ಡ ಹಿಡಿಯಿರಿ. ಲೆನ್ಸ್ ಸ್ಕೇಲಿಗೆ ತಾಗಕೂಡದು, 2–3 ಮಿ.ಮೀ. ಹಿಂದೆ ಇರಬೇಕು. ಆಮೇಲೆ ಸ್ಕೇಲಿನ ಒಂದು ತುದಿಯನ್ನು ಮೇಲಿನ ಪ್ಲೇಟಿನ ಮುಂಚೂಣಿಗೂ ಇನ್ನೊಂದನ್ನು ಕೆಳಗಿನ ಪ್ಲೇಟಿನ ಮುಂಚೂಣಿಗೂ ಒರಗಿಸಿ ನೋಡಿ. ಆಗಲೂ ಲೆನ್ಸ್ ಒಳಗೇ ಇರಬೇಕು. ಕ್ಯಾಮೆರಾವನ್ನು ನೇರವಾಗಿಟ್ಟು ಈ ಪರೀಕ್ಷೆ ಮಾಡಿದರೆ ಏನೂ ತಿಳಿಯದು, ಏಕೆಂದರೆ ಕೋನ ಏರಿದಂತೆ ಲೆನ್ಸ್ ಮೇಲಕ್ಕೆ ಎದ್ದು ನಿಲ್ಲುತ್ತದೆ. 25 ಡಿಗ್ರಿಗೆ ಸುರಕ್ಷಿತವಾಗಿದ್ದ ಫ್ರೇಮ್ 50ಕ್ಕೆ ಲೆನ್ಸನ್ನು ಕಲ್ಲಿನ ಎದುರಿಗೇ ಹಿಡಿದಿರುತ್ತದೆ.

ಲೆನ್ಸ್ ಹೊರಗಿದ್ದರೆ ಅಗ್ಗದ ಉಪಾಯದಿಂದ ಶುರುಮಾಡಿ. ಮೌಂಟಿನ ತೂತು ಅನುವು ಕೊಟ್ಟರೆ ಕ್ಯಾಮೆರಾವನ್ನು 2 ಮಿ.ಮೀ. ಹಿಂದಕ್ಕೆ ಸರಿಸಿ. ಹಿಂದೆ ಫ್ಲೈಟ್ ಕಂಟ್ರೋಲರಿನ ಕನೆಕ್ಟರಿಗೆ ತಾಗುತ್ತದೆಯೇ ನೋಡಿಕೊಳ್ಳಿ. ಜಾಗ ಇಲ್ಲದಿದ್ದರೆ ಪ್ಲೇಟಿನ ಅಂಚಿಗೆ ಟಿಪಿಯು ಮೂಗು ತೊಡಿಸಿ. ಚಿತ್ರದ ಮೂಲೆಯಲ್ಲಿ ಮೂಗು ಸ್ವಲ್ಪ ಕಂಡರೆ ಕಾಣಲಿ. ರೇಸಿನಲ್ಲಿ ದಾಟಬೇಕಾದ ಗೇಟ್ ನೋಡುವುದಕ್ಕೆ ಮೂಲೆ ಬೇಕಾಗಿಲ್ಲ.

ಲೆನ್ಸ್ ಒಳಗಿದ್ದೂ ಒಡೆಯುತ್ತಿದ್ದರೆ ಪ್ಲೇಟ್ ಬಾಗಿ ಬರುತ್ತಿದೆ ಎಂದರ್ಥ. ಎರಡು ಬದಿಯ ಪ್ಲೇಟುಗಳನ್ನು ಹೆಬ್ಬೆರಳು, ತೋರುಬೆರಳಿನಿಂದ ಒಳಗೆ ಹಿಸುಕಿ, ಆಮೇಲೆ ಎದುರಿನಿಂದ ಹಿಂದಕ್ಕೆ ಒತ್ತಿ. ಬೆರಳಿಗೇ ಬಗ್ಗುವ ಪ್ಲೇಟ್ ಕಲ್ಲಿಗೆ ಏನು ತಡೆ ಕೊಡುತ್ತದೆ? ಪ್ಲೇಟಿನ ಬಗ್ಗದಿರುವ ಗುಣ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 2 ಮಿ.ಮೀ. ಪ್ಲೇಟನ್ನು 3ಕ್ಕೆ ಏರಿಸಿದರೆ ತೂಕ ಒಂದೂವರೆ ಪಟ್ಟು, ಗಡಸು ಮೂರು ಪಟ್ಟಿಗೂ ಮೇಲು. ಫ್ರೇಮಿನಲ್ಲಿ ಗ್ರಾಂ ಉಳಿಸಬಾರದ ಜಾಗ ಯಾವುದೆಂದು ಕೇಳಿದರೆ ನಮ್ಮ ಉತ್ತರ ಇದೇ.

ದಪ್ಪವೊಂದೇ ಸಾಲದು. ಪ್ಲೇಟಿನ ಮೇಲೆ ಬಿದ್ದ ಪೆಟ್ಟು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ. ಒಳ್ಳೆಯ ವಿನ್ಯಾಸದಲ್ಲಿ ಪ್ಲೇಟಿನ ನಾಲಿಗೆಗಳು ಮೇಲಿನ ಮತ್ತು ಕೆಳಗಿನ ಪ್ಲೇಟಿನ ಕಚ್ಚಿನೊಳಗೆ ಬಿಗಿಯಾಗಿ ಕೂತಿರುತ್ತವೆ; ಕ್ಯಾಮೆರಾದ ಬೆನ್ನಿಗೆ ಹತ್ತಿರದಲ್ಲೇ ಎರಡು ಅಲ್ಯೂಮಿನಿಯಂ ಸ್ಟ್ಯಾಂಡ್‌ಆಫ್ (ಎರಡು ಪ್ಲೇಟುಗಳನ್ನು ಜೋಡಿಸುವ ಪುಟ್ಟ ಕಂಬ) ಇರುತ್ತವೆ. ಪೆಟ್ಟು ಪ್ಲೇಟಿನಿಂದ ಸ್ಟ್ಯಾಂಡ್‌ಆಫಿಗೆ, ಅಲ್ಲಿಂದ ಕೆಳಗಿನ ಪ್ಲೇಟಿಗೆ ಇಳಿಯುತ್ತದೆ. ಸ್ಟ್ಯಾಂಡ್‌ಆಫ್ 30 ಮಿ.ಮೀ. ಹಿಂದಿದ್ದರೆ ಪ್ಲೇಟ್ ಸನ್ನೆಕೋಲಾಗಿ ಮೇಲಿನ ಪ್ಲೇಟನ್ನು ಎಬ್ಬುತ್ತದೆ, ಕ್ಯಾಮೆರಾ ನಡುವೆ ಜಜ್ಜಿಹೋಗುತ್ತದೆ. ಕಚ್ಚು ಸವೆದು ನಾಲಿಗೆ ಕಟಕಟ ಅನ್ನುತ್ತಿದ್ದರೂ ಫಲ ಒಂದೇ.

ಟಿಪಿಯು ಭಾಗವೇ ಪದರ ಪದರವಾಗಿ ಬಿಟ್ಟುಕೊಂಡಿದ್ದರೆ ತಪ್ಪು ಪ್ರಿಂಟಿನಲ್ಲಿದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಟಿಪಿಯು ತಂತಿ ತೆರೆದಿಟ್ಟರೆ ಅದು ನೀರು ಹೀರದೆ ಇರುವುದಿಲ್ಲ. ನಳಿಕೆಯ ಬಳಿ ಚಿಟಿಚಿಟಿ ಸದ್ದು, ಪ್ರಿಂಟಿನ ತುಂಬ ಜೇಡರ ಬಲೆಯಂಥ ಎಳೆ, ಮೈಮೇಲೆ ಗುಳ್ಳೆ ಕಂಡರೆ ತಂತಿ ಒದ್ದೆಯಾಗಿದೆ. 50–55 ಡಿಗ್ರಿಯಲ್ಲಿ 4ರಿಂದ 6 ಗಂಟೆ ಒಣಗಿಸಿ. 95ಎ ಗಡಸಿನ ಟಿಪಿಯುಗೆ ನಳಿಕೆ 220–235 ಡಿಗ್ರಿ, ವೇಗ ಸೆಕೆಂಡಿಗೆ 20–30 ಮಿ.ಮೀ., ಗೋಡೆ ನಾಲ್ಕು ಸುತ್ತು. ಪೆಟ್ಟು ಪದರಗಳನ್ನು ಒಂದರಿಂದ ಒಂದು ಎಳೆಯುವಂತೆ ಬೀಳಬಾರದು. ಭಾಗವನ್ನು ಮಲಗಿಸಿ ಪ್ರಿಂಟ್ ಮಾಡಿದರೆ ಸಾಮಾನ್ಯವಾಗಿ ಇದು ಸರಿಹೋಗುತ್ತದೆ. ಪಿಎಲ್‌ಎ ಎಂಬ ಬಿರುಸು ಪ್ಲಾಸ್ಟಿಕ್ಕಿನಲ್ಲಿ ಮೌಂಟ್ ಮಾಡುವ ಯೋಚನೆಯೇ ಬೇಡ. ಪೆಟ್ಟಿಗೆ ಗಾಜಿನಂತೆ ಒಡೆಯುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಸೊಟ್ಟಗಾಗುತ್ತದೆ.

ಚಿತ್ರದ ಒಂದು ಬದಿ ಮಾತ್ರ ಮಸುಕಾಗಿದ್ದರೆ ಲೆನ್ಸ್ ಓರೆಯಾಗಿದೆ ಅಥವಾ ಲೆನ್ಸಿನ ಹಿಡಿಕೆ ಬೋರ್ಡಿನಿಂದ ಎದ್ದಿದೆ. ಇಡೀ ಚಿತ್ರ ಮಸುಕಾಗಿದ್ದರೆ ಲೆನ್ಸ್ ಎಳೆಯಲ್ಲಿ ತಿರುಗಿದೆ ಅಷ್ಟೆ. ಲಾಕ್ ರಿಂಗ್ ಸಡಿಲಿಸಿ, ದೂರದ ತೆಂಗಿನ ಮರ ಸ್ಪಷ್ಟವಾಗುವವರೆಗೆ ತಿರುಗಿಸಿ ಮತ್ತೆ ಬಿಗಿ ಮಾಡಿ.

## ಬಡಿದ ತಕ್ಷಣ ಚಿತ್ರ ಕಪ್ಪು

ಅನಲಾಗ್ ವಿಡಿಯೋದಲ್ಲಿ ಪರದೆ ಕಪ್ಪಾಗಿದ್ದರೂ ಬ್ಯಾಟರಿ ವೋಲ್ಟೇಜಿನ ಅಕ್ಷರಗಳು ಕಾಣುತ್ತಿದ್ದರೆ ಟ್ರಾನ್ಸ್‌ಮಿಟರ್ ಸರಿಯಿದೆ, ತೊಂದರೆ ಕ್ಯಾಮೆರಾ ಅಥವಾ ಅದರ ವೈರಿನಲ್ಲಿ. ಅಕ್ಷರವೂ ಇಲ್ಲದೆ ಬರೀ ಚುಕ್ಕಿಮಳೆ ಕಂಡರೆ ಟ್ರಾನ್ಸ್‌ಮಿಟರ್, ಆಂಟೆನಾ ನೋಡಿ. ಆಂಟೆನಾ ಕಳಚಿದ ಟ್ರಾನ್ಸ್‌ಮಿಟರಿಗೆ ಕರೆಂಟ್ ಕೊಡಬೇಡಿ, ಸುಡುತ್ತದೆ. ಕ್ಯಾಮೆರಾ ವೈರಿಗೆ ಒಂದು ಸೆಂಟಿಮೀಟರ್ ಸಡಿಲು ಬಿಟ್ಟು ಸ್ಟ್ಯಾಂಡ್‌ಆಫಿಗೆ ಕಟ್ಟಿದ್ದರೆ ಈ ದೋಷ ಅಪರೂಪ.

## ತೋಳು ಮುರಿಯುತ್ತದೆ, ಮತ್ತೆ ಅಲ್ಲೇ ಮುರಿಯುತ್ತದೆ

ತೋಳು ಮುರಿಯುವುದು ದೋಷವಲ್ಲ. ಅದು ಫ್ಯೂಸ್ ಇದ್ದ ಹಾಗೆ. ಪೆಟ್ಟು ಸಾಧಾರಣದ್ದಾಗಿದ್ದೂ ಪ್ರತಿ ಸಲ ಒಂದೇ ಜಾಗದಲ್ಲಿ ಮುರಿದರೆ ಮಾತ್ರ ಆ ಜಾಗವನ್ನು ವಿಚಾರಿಸಬೇಕು.

ಬುಡದಲ್ಲಿ, ದೇಹಕ್ಕೆ ಸೇರುವ ಮೊದಲ ಸ್ಕ್ರೂ ತೂತಿಗೆ ಅಡ್ಡಲಾಗಿ ಮುರಿದಿದೆಯೇ? ಬಗ್ಗಿಸುವ ಬಲ ಅತಿ ಹೆಚ್ಚಾಗುವುದೂ ಅಲ್ಲೇ, ನಾವು ತೂತು ಕೊರೆದು ದುರ್ಬಲ ಮಾಡಿದ್ದೂ ಅಲ್ಲೇ. ತೂತನ್ನು 5–6 ಮಿ.ಮೀ. ಒಳಕ್ಕೆ ಸರಿಸಿ, ಬುಡದ ಅಗಲ ಹೆಚ್ಚಿಸಿ, ತೋಳು ಅಗಲವಾಗುವ ಒಳಮೂಲೆಯನ್ನು ಚೂಪಾಗಿ ಬಿಡದೆ 3 ಮಿ.ಮೀ. ತ್ರಿಜ್ಯದಲ್ಲಿ ಉರುಟು ಮಾಡಿ. ತಲೆ ಹುದುಗಿಸುವ ಸ್ಕ್ರೂಗಾಗಿ ತೂತಿನ ಬಾಯಿ ಅಗಲಿಸಿದ್ದರೆ ದಪ್ಪದಲ್ಲಿ ಒಂದು ಪಾಲನ್ನು ಕೈಯಾರೆ ಕಳೆದಂತೆ.

ಮೋಟಾರಿನ ತೂತುಗಳ ಸುತ್ತ ಮುರಿದಿದ್ದರೆ ತೂತಿಗೂ ಅಂಚಿಗೂ ನಡುವಿನ ಗೋಡೆ ತೆಳು. 3 ಮಿ.ಮೀ.ಗಿಂತ ಕಡಿಮೆ ಬಿಡಬೇಡಿ.

ತೋಳು ಅಡ್ಡಲಾಗಿ ಮುರಿಯದೆ ಉದ್ದಕ್ಕೆ ಸೀಳಿದರೆ, ಅಥವಾ ಹೊಸ ತೋಳೇ ರಬ್ಬರಿನಂತೆ ಬಳುಕಿದರೆ, ನೂಲಿನ ದಿಕ್ಕು ನೋಡಿ. ಅಡಿಕೆ ದಬ್ಬೆಯನ್ನು ಉದ್ದಕ್ಕೆ ಸೀಳಬಹುದು, ಅಡ್ಡಕ್ಕೆ ಮುರಿಯಲಾಗದು. ಕಾರ್ಬನ್ ನೂಲಿನ ಗುಣವೂ ಅದೇ. ಹಾಳೆಯ ಅರ್ಧದಷ್ಟು ನೂಲಾದರೂ ತೋಳಿನ ಉದ್ದಕ್ಕೆ ಓಡಬೇಕು. ಇಲ್ಲಿ ಕಣ್ಣು ಮೋಸಹೋಗುವ ಒಂದು ವಿಷಯವಿದೆ. ಟ್ವಿಲ್ ನೇಯ್ಗೆಯಲ್ಲಿ ಎದ್ದು ಕಾಣುವ ಓರೆ ಪಟ್ಟಿಗಳು ನೂಲಿನ ದಿಕ್ಕಲ್ಲ. ಒಂದೊಂದು ನೂಲಿನ ಕಟ್ಟನ್ನು ಹತ್ತಿರದಿಂದ ನೋಡಿದರೆ ಅವು ಆ ಪಟ್ಟಿಗೆ 45 ಡಿಗ್ರಿಯಲ್ಲಿ ಓಡುತ್ತಿರುತ್ತವೆ. ಓರೆ ಪಟ್ಟಿ ತೋಳಿನ ಉದ್ದಕ್ಕೆ ನೇರವಾಗಿದ್ದರೆ ಚಂದ ಕಾಣುತ್ತದೆ ನಿಜ, ಆದರೆ ಆ ತೋಳಿನಲ್ಲಿ ಉದ್ದಕ್ಕೆ ಓಡುವ ನೂಲು ಒಂದೂ ಇಲ್ಲದಿರಬಹುದು. ಮೇಲ್ಪದರ ಬರೀ ಅಂದಕ್ಕಿದ್ದು ಒಳಪದರ ಬೇರೆಯೇ ಇರುವುದೂ ಉಂಟು. ಮುರಿದ ತುಂಡಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ತಿಳಿಯುತ್ತದೆ.

ಇವೆಲ್ಲ ಸರಿಯಿದ್ದು ಬರೀ ಬಲ ಸಾಲದಿದ್ದರೆ ದಪ್ಪ ಹೆಚ್ಚಿಸಿ. 5ರಿಂದ 6 ಮಿ.ಮೀ.ಗೆ ಹೋದರೆ ತೂಕ ಶೇಕಡ 20 ಏರುತ್ತದೆ, ಗಡಸು ಶೇಕಡ 73, ಮುರಿಯದೆ ತಡೆಯುವ ಬಲ ಶೇಕಡ 44. ಅಗಲ ಹೆಚ್ಚಿಸಿದರೆ ಇಂಥ ಲಾಭವಿಲ್ಲ, ಮೇಲಾಗಿ ಪ್ರೊಪೆಲ್ಲರ್ ಗಾಳಿಗೆ ಅಡ್ಡ. 6 ಮೀರಿದರೆ ತೋಳು ಫ್ಯೂಸ್ ಆಗಿ ಉಳಿಯುವುದಿಲ್ಲ. ಪೆಟ್ಟು ಮೋಟಾರಿನ ಶಾಫ್ಟಿಗೋ ಕೆಳಗಿನ ಪ್ಲೇಟಿಗೋ ದಾಟುತ್ತದೆ.

ದಪ್ಪ ಬದಲಿಸಿದ ದಿನವೇ ಮೋಟಾರ್ ಸ್ಕ್ರೂವಿನ ಉದ್ದವನ್ನೂ ನೋಡಿಕೊಳ್ಳಿ. ತೋಳಿನ ದಪ್ಪದ ಮೇಲೆ 2–3 ಮಿ.ಮೀ. ಸಾಕು: 5 ಅಥವಾ 6 ಮಿ.ಮೀ. ತೋಳಿಗೆ ಎಂ3ರ 8 ಮಿ.ಮೀ. ಸ್ಕ್ರೂ. ಹಳೆಯ 10 ಮಿ.ಮೀ. ಸ್ಕ್ರೂವನ್ನೇ ತಿರುಗಿಸಿದರೆ ತುದಿ ಸುರುಳಿಗೆ ಚುಚ್ಚುತ್ತದೆ. ಮಲ್ಟಿಮೀಟರಿನ ಬೀಪ್‌ನಲ್ಲಿ ಮೋಟಾರಿನ ವೈರಿಗೂ ಸ್ಕ್ರೂ ತಲೆಗೂ ಸಂಪರ್ಕ ಸಿಕ್ಕರೆ ಬ್ಯಾಟರಿ ಜೋಡಿಸಬೇಡಿ. ಕಾರ್ಬನ್ ಹಾಳೆ ವಾಹಕ. ಒಂದು ಮೋಟಾರಿನ ತಪ್ಪು ಇಡೀ ಫ್ರೇಮಿಗೆ ಹರಡುತ್ತದೆ.

## ಮುರಿದಿಲ್ಲ, ಅಂಚು ಮಾತ್ರ ಬಿರಿದಿದೆ

ನಾಣ್ಯದಿಂದ ತೋಳನ್ನು ಬುಡದಿಂದ ತುದಿಯವರೆಗೆ ಒಂದೊಂದು ಸೆಂಟಿಮೀಟರಿಗೆ ತಟ್ಟುತ್ತಾ ಹೋಗಿ. ತಟ್ಟಿದಲ್ಲೆಲ್ಲ ಒಂದೇ ಚುರುಕಾದ ಸದ್ದು ಬಂದರೆ ಕ್ಷೇಮ. ಒಂದು ಕಡೆ ದೊಪ್ ಎಂದು ಮಂಕಾದರೆ ಒಳಗೆ ಪದರ ಬಿಟ್ಟಿದೆ. ಆಮೇಲೆ ದೇಹವನ್ನು ಹಿಡಿದು ತೋಳನ್ನು ಹೆಬ್ಬೆರಳಿನಿಂದ ಬಗ್ಗಿಸಿ, ಕಿವಿಗೆ ಹತ್ತಿರ ಹಿಡಿಯಿರಿ. ಚಿಟ್ ಎಂದರೆ ಬಿರುಕು ಇದೆ.

ಬಿರಿ ಅಂಚಿನಿಂದ 2 ಮಿ.ಮೀ. ಒಳಗಷ್ಟೇ ಇದ್ದರೆ ತೆಳು ಫೆವಿಕ್ವಿಕ್ ಇಳಿಬಿಟ್ಟು ಕ್ಲಿಪ್ ಹಾಕಿ, ಒಣಗಿದ ಮೇಲೆ 400 ನಂಬರಿನ ಎಮರಿಯಲ್ಲಿ ಉಜ್ಜಿ. ಉಜ್ಜುವುದು ನೀರು ಹಾಕಿಯೇ, ಎನ್95 ಮಾಸ್ಕ್ ಕಟ್ಟಿಯೇ. ಆ ಕಪ್ಪು ನೀರು ಸರ್ಕ್ಯೂಟಿನ ಮೇಲೆ ಬೀಳದಿರಲಿ. ಹೊಸ ಫ್ರೇಮಿನ ಅಂಚುಗಳಿಗೂ ಮೊದಲೇ ಹೀಗೆ ಮಾಡಿದರೆ ಬಿರಿಯುವುದು ತಡವಾಗುತ್ತದೆ. ಬಿರಿ ಸ್ಕ್ರೂ ತೂತಿನವರೆಗೆ ಹೋಗಿದ್ದರೆ ಅಂಟು ಹಚ್ಚುವುದು ದಂಡ. ತೋಳು ಬದಲಿಸಿ.

## ಸ್ಕ್ರೂ ಸಡಿಲಾಗುತ್ತದೆ, ಬುಡದಲ್ಲಿ ಬಿಳಿ ಪುಡಿ

ಉಪ್ಪಳ, ಮಂಜೇಶ್ವರ, ಬೇಕಲದಂಥ ಕಡಲ ಬದಿಯಲ್ಲಿ ಹಾರಿಸುವವರಿಗೆ ಇದು ಬೇಗ ಕಾಣಿಸುತ್ತದೆ. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವಲ್ಲಿ ಉಪ್ಪಿನ ತೇವ ಸೇರಿದರೆ ಸಣ್ಣ ಬ್ಯಾಟರಿಯೇ ಆಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಆ ಬಿಳಿ ಪುಡಿ ಸ್ಟ್ಯಾಂಡ್‌ಆಫಿನದೇ. ಉಕ್ಕಿನ ಕಪ್ಪು ಸ್ಕ್ರೂಗಳಿಗೆ ತುಕ್ಕು ಹಿಡಿದು ತಲೆಯ ಗುಂಡಿ ಉರುಟಾಗುತ್ತದೆ. ಹಾರಿಸಿದ ಸಂಜೆ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಫ್ರೇಮ್ ಒರೆಸಿ ಒಣಗಿಸಿ; ಸ್ಟ್ಯಾಂಡ್‌ಆಫ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ 243 ಒಂದು ಹನಿ ಹಾಕಿ, ಅದು ಎಳೆಯೊಳಗೆ ನೀರು ನುಗ್ಗದಂತೆಯೂ ತಡೆಯುತ್ತದೆ.

ಗುಂಡಿ ಉರುಟಾಗುವುದಕ್ಕೆ ತಪ್ಪು ಕೀಲಿಯೂ ಕಾರಣ. ಉರುಟು ತಲೆಯ ಎಂ3ಗೆ 2 ಮಿ.ಮೀ., ಎತ್ತರ ತಲೆಯ ಎಂ3ಗೆ 2.5 ಮಿ.ಮೀ. ಅಲೆನ್ ಕೀ. ಪ್ಲೇಟಿಗೆ ಒತ್ತಿ ಕೂರಿಸಿದ ಪ್ರೆಸ್‌ನಟ್ ಜಾಗದಲ್ಲೇ ಗಿರಕಿ ಹೊಡೆಯುತ್ತಿದ್ದರೆ ಅಂಟು ಹಾಕಬೇಡಿ. ತೆಗೆದು ನೈಲಾನ್ ಲಾಕ್‌ನಟ್ ಹಾಕಿ.

## ಮೋಟಾರ್ ಬಿಸಿ, ಡ್ರೋನ್ ಒಂದು ಕಡೆಗೆ ತಿರುಚುತ್ತದೆ

ಯಾವ ಮೋಟಾರುಗಳು ಬಿಸಿ ಎಂಬುದರಲ್ಲೇ ಉತ್ತರವಿದೆ. ಒಂದೇ ಬಿಸಿಯಾದರೆ ಬೇರಿಂಗ್ ಅಥವಾ ಉದ್ದ ಸ್ಕ್ರೂ. ಮುಂದಿನೆರಡೋ ಹಿಂದಿನೆರಡೋ ಬಿಸಿಯಾದರೆ ಬ್ಯಾಟರಿ ಆ ಕಡೆಗೆ ಸರಿದಿದೆ. ಮೂಲೆಗೆ ಮೂಲೆಯ ಎರಡು ಬಿಸಿಯಾದರೆ ತೋಳು ತಿರುಚಿದೆ: ಓರೆಯಾದ ಮೋಟಾರ್ ಡ್ರೋನನ್ನು ತಿರುಗಿಸುತ್ತದೆ, ಅದನ್ನು ಸರಿದೂಗಿಸಲು ಒಂದೇ ದಿಕ್ಕಿಗೆ ಸುತ್ತುವ ಜೋಡಿ ಸದಾ ಹೆಚ್ಚು ದುಡಿಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಮೋಟಾರ್ ಬಿಚ್ಚಿದ ಫ್ರೇಮನ್ನು ಕನ್ನಡಿಯ ಮೇಲಿಡಿ. ತೋಳಿನಡಿ ಸ್ಕ್ರೂ ತಲೆ ಇದ್ದರೆ ತೆಗೆಯಿರಿ. ಸಾದಾ ಎ4 ಹಾಳೆ ಒಂದಕ್ಕೆ ಸುಮಾರು 0.1 ಮಿ.ಮೀ. ದಪ್ಪ. ಯಾವುದಾದರೂ ತೋಳಿನಡಿ ಐದು ಹಾಳೆ ಒಟ್ಟಿಗೆ ನುಸುಳಿದರೆ ಅರ್ಧ ಮಿಲಿಮೀಟರ್ ತಿರುಚಿದೆ, ಬದಲಿಸಬೇಕು. ಆಮೇಲೆ ಮೋಟಾರಿನ ಕೇಂದ್ರದಿಂದ ಕೇಂದ್ರಕ್ಕೆ ಎರಡು ಕರ್ಣಗಳನ್ನು ಅಳೆಯಿರಿ. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬುಡದ ಸ್ಕ್ರೂ ತೂತು ಉದ್ದವಾಗಿದೆ. ಇದು ತೋಳಿನದ್ದೋ ಕೆಳಗಿನ ಪ್ಲೇಟಿನದ್ದೋ ಎಂದು ತಿಳಿಯಲು ಎರಡು ತೋಳುಗಳನ್ನು ಅದಲುಬದಲು ಮಾಡಿ. ದೋಷ ತೋಳಿನ ಜೊತೆ ಹೋದರೆ ತೋಳು, ಅಲ್ಲೇ ಉಳಿದರೆ ಪ್ಲೇಟ್.

## ಇಲ್ಲಿಗೆ ನಿಲ್ಲಿಸಿ

ಕೆಳಗಿನ ಮುಖ್ಯ ಪ್ಲೇಟಿನಲ್ಲಿ ಬಿರುಕು, ಫ್ಲೈಟ್ ಕಂಟ್ರೋಲರಿನ ಬೋರ್ಡಿನಲ್ಲಿ ಬಾಗು, ಬ್ಯಾಟರಿ ವೈರಿನ ಕವಚ ಕಾರ್ಬನ್ ಅಂಚಿಗೆ ಉಜ್ಜಿ ತಾಮ್ರ ಕಾಣುವುದು: ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ತೇಪೆ ಹಾಕಿ ಹಾರಿಸಬೇಡಿ. ಪ್ಲೇಟ್ ಹೊಸದು ತರಿಸಿ, ಬೋರ್ಡನ್ನು ಎಸ್‌ಎಂಡಿ (ಬೋರ್ಡಿನ ಮೇಲ್ಮೈಯ ಸಣ್ಣ ಬಿಡಿಭಾಗಗಳ) ಬೆಸುಗೆ ಬಲ್ಲವರಿಗೆ ಕೊಡಿ, ವೈರ್ ಬದಲಿಸಿ. ಭಾರತಕ್ಕೆ ಪೂರ್ಣ ಡ್ರೋನ್ ಆಮದು 2022ರ ಫೆಬ್ರವರಿಯಲ್ಲಿ ನಿಷೇಧವಾದರೂ ಬಿಡಿಭಾಗಗಳಿಗೆ ಆ ತಡೆ ಇಲ್ಲ. ತೋಳುಗಳನ್ನು ನಾಲ್ಕರ ಕಟ್ಟಿನಲ್ಲಿ ತರಿಸಿಕೊಳ್ಳಿ. ಒಂದೇ ಹಾಳೆಯಿಂದ ಕತ್ತರಿಸಿದವಾದರೆ ಬಳುಕು ಒಂದೇ ರೀತಿ ಇರುತ್ತದೆ.

ದುರಸ್ತಿಯ ನಂತರದ ಮೊದಲ ಕರೆಂಟ್ ಸ್ಮೋಕ್ ಸ್ಟಾಪರ್ (ಶಾರ್ಟ್ ಆದರೆ ಕರೆಂಟ್ ತಡೆಯುವ ಸಾಧನ) ಮೂಲಕವೇ, ಪ್ರೊಪೆಲ್ಲರ್ ಇಲ್ಲದೆ. 250 ಗ್ರಾಂ ಮೀರಿದ, 2 ಕಿಲೋ ದಾಟದ ಡ್ರೋನ್ 2021ರ ಡ್ರೋನ್ ನಿಯಮಗಳಂತೆ ಮೈಕ್ರೋ ವರ್ಗಕ್ಕೆ ಸೇರುತ್ತದೆ. ಜಿಲ್ಲೆಯ ಉತ್ತರಕ್ಕೆ ಮಂಗಳೂರು ವಿಮಾನ ನಿಲ್ದಾಣ, ದಕ್ಷಿಣಕ್ಕೆ ಏಳಿಮಲದ ನೌಕಾ ಅಕಾಡೆಮಿ. ಪದವಿನ ಕಡೆ ಹೊರಡುವ ಮುನ್ನ, ಎಲ್ಲಿ ಹಾರಿಸಬಹುದೆಂದು ಬಣ್ಣಗಳಲ್ಲಿ ತೋರಿಸುವ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿಕೊಳ್ಳಿ. ಅಲ್ಲಿ ತಲೆಯೆತ್ತರಕ್ಕಿಂತ ಕೆಳಗೆ 30 ಸೆಕೆಂಡ್ ನಿಲ್ಲಿಸಿ ಹಾರಿಸಿ ಇಳಿಸಿ, ಬ್ಯಾಟರಿ ತೆಗೆದು ನಾಲ್ಕೂ ಮೋಟಾರಿನ ಬಿಸಿ ನೋಡಿ, ತೋಳಿನ ಬುಡದ ಸ್ಕ್ರೂ ಮತ್ತು ಕ್ಯಾಮೆರಾ ಸ್ಕ್ರೂ ಇನ್ನೊಮ್ಮೆ ಬಿಗಿ ಮಾಡಿ. ಗೇಟ್ ಆಮೇಲೆ.